ಹೋಳಿಗೆ ನಾದಿದ ಕೈಯಲ್ಲಿ ಜರ್ಮನ್ ಹಬ್ಬದ ಬ್ರೆಡ್

ಕಳೆದ ಡಿಸೆಂಬರಿನ ಒಂದು ಮಧ್ಯಾಹ್ನ ಸತ್ತೂರಿನ ನಮ್ಮ ಅಡುಗೆಮನೆಯಲ್ಲಿ ಮೈದಾ ನಾದುತ್ತಿದ್ದೆ. ಪಕ್ಕದ ಮನೆಯ ಕಾಕು ಒಳಗೆ ಬಂದವರೇ ಬೋಗುಣಿಗೆ ಬೆರಳಿಟ್ಟು ನೋಡಿದರು. "ಇದು ನಮ್ಮ ಹೋಳಿಗಿ ಕಣಕಾನ ಅಲ್ಲೇನವಾ?" ಅಂದರು. ಕ್ರಿಸ್‌ಮಸ್ಸಿಗೆ ಜರ್ಮನಿಯವರು ಮಾಡುವ ಸಿಹಿ ಬ್ರೆಡ್ಡಿನ ಹಿಟ್ಟು ಎಂದೆ. ಅವರು ಇನ್ನೊಮ್ಮೆ ಒತ್ತಿ ನೋಡಿ, "ಹಂಗಾರ ಇನ್ನೂ ನಾದು. ಕೈಗೆ ಹತ್ತಾಕತ್ತೈತಿ" ಅಂದರು. ಅವರು ಹೇಳಿದ್ದೇ ಸರಿ. ಮತ್ತೆ ಐದು ನಿಮಿಷ ನಾದಿದ ಮೇಲೆ ಹಿಟ್ಟು ಕೈ ಬಿಟ್ಟು, ಮಗುವಿನ ಕೆನ್ನೆಯ ಹಾಗೆ ನುಣುಪಾಯಿತು.

ಆ ದಿನ ನನಗೆ ಒಂದು ಮಾತು ಮನದಟ್ಟಾಯಿತು. ಕಣಕ ನಾದುವುದು, ಚಕ್ಕಾ ಕಟ್ಟುವುದು, ಎಳೆ ಪಾಕ ನೋಡುವುದು, ಬೆಣ್ಣೆ ಕಾಯಿಸಿ ತುಪ್ಪ ಮಾಡುವುದು ಬಲ್ಲವರಿಗೆ ಜರ್ಮನಿಯ ಹಬ್ಬದ ಬ್ರೆಡ್ಡಿನ ಮುಕ್ಕಾಲು ಪಾಲು ಕೆಲಸ ಆಗಲೇ ಗೊತ್ತಿರುತ್ತದೆ. ಹೊಸದಾಗಿ ಕಲಿಯಬೇಕಾದ್ದು ಎರಡೇ: ಯೀಸ್ಟನ್ನು ಜೀವಂತ ಉಳಿಸುವುದು, ಹಿಟ್ಟಿಗೆ ಸಮಯ ಕೊಡುವುದು. ಈ ವರ್ಷದ ಕ್ರಿಸ್‌ಮಸ್ಸಿಗೋ ಹೊಸ ವರ್ಷಕ್ಕೋ ಮನೆಯಲ್ಲೇ ಮಾಡಿ ನೋಡುವವರಿಗಾಗಿ ಮೂರು ಬ್ರೆಡ್ಡುಗಳ ವಿಧಾನ ಇಲ್ಲಿದೆ. ಮೂರಕ್ಕೂ ಮೊಟ್ಟೆ ಬೇಕಿಲ್ಲ. ಸಾಮಾನೆಲ್ಲ ಹುಬ್ಬಳ್ಳಿ–ಧಾರವಾಡದ ಅಂಗಡಿಗಳಲ್ಲೇ ಸಿಗುತ್ತದೆ.

ನಮ್ಮೂರಿಗೂ ಆ ನಾಡಿಗೂ ಏನು ನಂಟು?

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ ಅವರ ನೆಲೆಗಳು ಶುರುವಾದವು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಾದರೂ ಅಲ್ಲಿಂದ ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಆ ಸೀಮೆಯ ಬ್ರಾಕೆನ್‌ಹೈಮಿನಲ್ಲಿ. 1853ರಲ್ಲಿ ಕನ್ನಡ ನಾಡಿಗೆ ಬಂದು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್ ಮಾತ್ರ ಉತ್ತರದ ಸಮುದ್ರ ದಂಡೆಯ ಪೂರ್ವ ಫ್ರೀಸ್‌ಲ್ಯಾಂಡಿನವರು. ಅಲ್ಲಿಯ ಮನೆಗಳಲ್ಲಿ ದ್ರಾಕ್ಷಿ ಹಾಕಿದ ಮೆತ್ತನೆಯ ಸಿಹಿ ಬ್ರೆಡ್ಡಿಗೆ ಬೆಣ್ಣೆ ಸವರಿ, ಗಟ್ಟಿ ಚಹಾದ ಜೊತೆ ತಿನ್ನುವ ರೂಢಿ ಇಂದಿಗೂ ಇದೆ. ಧಾರವಾಡದ ಕಿಟೆಲ್ ಕಾಲೇಜಿನ ಮುಂದೆ ಹಾಯುವಾಗೆಲ್ಲ ಆ ಹೆಸರನ್ನು ನಾವು ಓದುತ್ತೇವೆ. ಅವರು ನಮ್ಮ ಮಾತನ್ನು ಒಂದೊಂದೇ ಪದ ಹಿಡಿದು ಕಲಿತರು. ಅವರ ಊರಿನ ಹಬ್ಬದ ತಿನಿಸನ್ನು ಒಂದೊಂದೇ ಹದ ಹಿಡಿದು ನಾವು ಕಲಿಯಬಹುದು.

ಇಲ್ಲಿ ಆರಿಸಿಕೊಂಡ ಮೂರರಲ್ಲಿ ಎರಡು ವ್ಯೂರ್ಟೆಂಬರ್ಗ್ ಕಡೆಯ ಮನೆಗಳಲ್ಲಿ ಬಲು ಬಳಕೆಯವು: ಹೆರಳು ಹೆಣೆದ ಹೆಫೆತ್ಸೊಪ್ಫ್, ಒಣಹಣ್ಣಿನ ಹುಟ್ಸೆಲ್‌ಬ್ರೋಟ್. ಮೂರನೆಯದು ಇಡೀ ಜರ್ಮನಿಯ ಕ್ರಿಸ್‌ಮಸ್ ಬ್ರೆಡ್ ಆದ ಶ್ಟೊಲೆನ್.

ಸಾಮಾನು ಆರಿಸುವಾಗ

ಮೈದಾ: ಜರ್ಮನಿಯಲ್ಲಿ ಹಿಟ್ಟಿನ ಚೀಲದ ಮೇಲೆ 405, 550 ಎಂಬ ಅಂಕಿ ಇರುತ್ತದೆ. 100 ಗ್ರಾಂ ಹಿಟ್ಟನ್ನು ಸುಟ್ಟರೆ ಅಷ್ಟು ಮಿಲಿಗ್ರಾಂ ಬೂದಿ ಉಳಿಯುತ್ತದೆ ಎಂದರ್ಥ. ಅಂಕಿ ಕಡಿಮೆಯಾದಷ್ಟೂ ಹಿಟ್ಟು ಬೆಳ್ಳಗಿರುತ್ತದೆ. ಹಬ್ಬದ ಬ್ರೆಡ್ಡಿಗೆ ಬಳಸುವ ಆ ಬಿಳಿ ಹಿಟ್ಟಿಗೆ ನಮ್ಮ ಮೈದಾ ಹತ್ತಿರದ್ದು. ಹೊಸದಾಗಿ ತಂದದ್ದನ್ನು ಜರಡಿ ಹಿಡಿದು ಬಳಸಿ.

ಸದಕ ಗೋಧಿ: ಜರ್ಮನಿಯಲ್ಲಿ 'ಎಮರ್' ಎಂಬ ಹಳೆಯ ಗೋಧಿಯ ಬ್ರೆಡ್ ಈಗ ಮತ್ತೆ ಬಳಕೆಗೆ ಬಂದಿದೆ. ಅದೇ ಜಾತಿಯ ಗೋಧಿಯನ್ನು ನಮ್ಮ ಕಡೆ ಸದಕ, ಜವೆಗೋಧಿ, ಖಪ್ಲಿ ಎನ್ನುತ್ತೇವೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಇದರ ಡಿಡಿಕೆ 1025, ಡಿಡಿಕೆ 1029ರಂಥ ತಳಿಗಳನ್ನು ಕೊಟ್ಟಿದೆ. ಇದರ ಹಿಟ್ಟಿಗೆ ಘಮ ಹೆಚ್ಚು, ಜಿಗುಟು ಕಡಿಮೆ. ಹಾಗಾಗಿ ಇದೊಂದರಿಂದಲೇ ಮಾಡಿದ ಬ್ರೆಡ್ ಮೇಲೇಳುವುದಿಲ್ಲ. ಹುಟ್ಸೆಲ್‌ಬ್ರೋಟಿಗೆ ಮೂರರಲ್ಲಿ ಒಂದು ಪಾಲು ಬೆರೆಸಿದರೆ ರುಚಿ ಏರುತ್ತದೆ.

ಯೀಸ್ಟ್: ಪುಡಿಯಂಥ ಇನ್‌ಸ್ಟಂಟ್ ಯೀಸ್ಟ್ ಕೊಳ್ಳಿ. ಪೊಟ್ಟಣ ಒಡೆದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಹಳೆಯದಾದರೆ ಮೊದಲು ಪರೀಕ್ಷಿಸಿ: ಅರ್ಧ ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್ ಹಾಕಿ. ಹತ್ತು ನಿಮಿಷದಲ್ಲಿ ನೊರೆ ಏಳದಿದ್ದರೆ ಅದು ಸತ್ತಿದೆ. ಅದಕ್ಕೆ ಹಿಟ್ಟು ಹಾಕಿ ಹಾಳು ಮಾಡಬೇಡಿ.

ಬೆಣ್ಣೆ: ಉಪ್ಪು ಹಾಕದ ಬೆಣ್ಣೆಯೇ ಆಗಬೇಕು. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ತಣ್ಣೀರಿನಲ್ಲಿ ತೊಳೆದು, ಚೆನ್ನಾಗಿ ಹಿಂಡಿ ನೀರು ತೆಗೆಯಿರಿ. ಮಜ್ಜಿಗೆ ಉಳಿದರೆ ಹಿಟ್ಟು ಸಡಿಲಾಗುತ್ತದೆ, ಬ್ರೆಡ್ ಬಹುದಿನ ಬಾಳುವುದಿಲ್ಲ.

ದ್ರಾಕ್ಷಿ: ವಿಜಯಪುರದ ಒಣದ್ರಾಕ್ಷಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಒಣಗಿಸುವ ಮುನ್ನ ಹಣ್ಣನ್ನು ಎಣ್ಣೆ ಬೆರೆತ ದ್ರಾವಣದಲ್ಲಿ ಅದ್ದಿರುತ್ತಾರೆ. ಆದ್ದರಿಂದ ಬಿಸಿನೀರಲ್ಲಿ ಎರಡು ಸಲ ತೊಳೆದು, ಬಟ್ಟೆಯ ಮೇಲೆ ಹರವಿ ಆರಿಸಿ ಬಳಸಿ.

ಸಿಪ್ಪೆಯ ಮುರಬ್ಬ: ಬೇಕರಿಯ ಬಣ್ಣದ ಟೂಟಿಫ್ರೂಟಿ ಪಪಾಯಿಕಾಯಿಯದು. ಶ್ಟೊಲೆನ್ನಿಗೆ ಬೇಕಾದ ಕಹಿ–ಸಿಹಿ ಘಮ ಅದರಲ್ಲಿಲ್ಲ. ಕಿತ್ತಳೆ ಸಿಪ್ಪೆಯನ್ನೂ ಮಾದಲಕಾಯಿ ಸಿಕ್ಕರೆ ಅದರ ದಪ್ಪ ಸಿಪ್ಪೆಯನ್ನೂ ಮನೆಯಲ್ಲೇ ಪಾಕಕ್ಕೆ ಹಾಕಿಕೊಳ್ಳಿ. ಎರಡು ಕಿತ್ತಳೆಯ ಸಿಪ್ಪೆಯನ್ನು ಸಣ್ಣ ಎಳೆಗಳಾಗಿ ಹೆಚ್ಚಿ, ಮೂರು ಸಲ ನೀರು ಬದಲಿಸಿ ಹತ್ತತ್ತು ನಿಮಿಷ ಕುದಿಸಿ ಬಸಿಯಿರಿ. ಕಹಿ ಇಳಿಯುತ್ತದೆ. ಆಮೇಲೆ ಸಿಪ್ಪೆಯ ತೂಕದಷ್ಟೇ ಸಕ್ಕರೆಗೆ ಅರ್ಧ ಲೋಟ ನೀರು ಹಾಕಿ, ಒಂದೆಳೆ ಪಾಕ ಬರುವವರೆಗೆ ಸಣ್ಣ ಉರಿಯಲ್ಲಿ ಸಿಪ್ಪೆಯನ್ನು ಅದರಲ್ಲೇ ಬೇಯಿಸಿ. ಸಿಪ್ಪೆ ಕನ್ನಡಿಯಂತೆ ಹೊಳೆದಾಗ ತೆಗೆದು ತಟ್ಟೆಯಲ್ಲಿ ಹರವಿ ಒಂದು ದಿನ ಆರಿಸಿ. ಪರಿಮಳಕ್ಕೆ ತುರಿಯಲು ಇಂಡಿ ಊರಿನ ಲಿಂಬಿಯ ಸಿಪ್ಪೆ ಸಾಕು. ಹಸಿರು ಪದರ ಮಾತ್ರ ತುರಿಯಿರಿ, ಒಳಗಿನ ಬಿಳಿಯದು ಕಹಿ.

ಯೀಸ್ಟಿಗೆ ಬೇಕಾದ ಬಿಸುಪು, ಹಿಟ್ಟಿಗೆ ಬೇಕಾದ ಹೊತ್ತು

ನನ್ನ ಮೊದಲ ವರ್ಷದ ಬ್ರೆಡ್ ಇಟ್ಟಿಗೆಯಷ್ಟು ಗಟ್ಟಿಯಾಗಿತ್ತು. ಯೀಸ್ಟ್ ಚೆನ್ನಾಗಿತ್ತು, ಅಳತೆಯೂ ಸರಿಯಿತ್ತು. ಪುಸ್ತಕದಲ್ಲಿ ಒಂದು ತಾಸು ಎಂದಿದೆ ಎಂದು ಒಂದೇ ತಾಸಿಗೆ ಒಲೆಗೆ ಇಟ್ಟಿದ್ದೆ. ಡಿಸೆಂಬರಿನಲ್ಲಿ ಇಲ್ಲಿಯ ರಾತ್ರಿ ಉಷ್ಣಾಂಶ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಬೆಳಗಿನ ಹೊತ್ತು ಅಡುಗೆಕಟ್ಟೆಯ ಕಲ್ಲು ತಣ್ಣಗೆ ಕೊರೆಯುತ್ತದೆ. ಆ ಚಳಿಯಲ್ಲಿ ಒಂದು ತಾಸಿನ ಕೆಲಸಕ್ಕೆ ಎರಡೂವರೆ ತಾಸು ಬೇಕು. ಅಂದಿನಿಂದ ನಾನು ಗಡಿಯಾರ ನೋಡುವುದು ಬಿಟ್ಟು ಹಿಟ್ಟನ್ನು ನೋಡುತ್ತೇನೆ.

ನೆನಪಿಡಬೇಕಾದ್ದು ಇಷ್ಟು:

ಹಾಲು ಉಗುರುಬೆಚ್ಚಗಿರಲಿ, ಅಂದರೆ 35ರಿಂದ 38 ಡಿಗ್ರಿ. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟರೆ ಬಿಸಿಯೂ ಅನ್ನಿಸಬಾರದು, ತಂಪೂ ಅನ್ನಿಸಬಾರದು. 55 ಡಿಗ್ರಿ ದಾಟಿದ ಹಾಲಿನಲ್ಲಿ ಯೀಸ್ಟ್ ಉಳಿಯುವುದಿಲ್ಲ.

ಬೆಣ್ಣೆಯನ್ನು ಕೊನೆಗೆ ಸೇರಿಸಿ. ಹಿಟ್ಟಿನ ಜಿಗುಟು ನೀರಿನಿಂದ ಹುಟ್ಟುತ್ತದೆ. ಮೊದಲೇ ಜಿಡ್ಡು ಸೇರಿದರೆ ಅದು ಹಿಟ್ಟಿನ ಕಣಗಳನ್ನು ಸುತ್ತಿಕೊಂಡು ಜಿಗುಟು ಕಟ್ಟಲು ಬಿಡುವುದಿಲ್ಲ. ಕಣಕ ನಾದಿದ ಮೇಲೆ ಎಣ್ಣೆ ಹಾಕುವುದು ನಮಗೆ ರೂಢಿಯೇ.

ಕೈಯಲ್ಲಿ ನಾದುವುದಾದರೆ 12ರಿಂದ 15 ನಿಮಿಷ ಬೇಕು. ನಿಂಬೆ ಗಾತ್ರದ ಹಿಟ್ಟನ್ನು ಎರಡೂ ಕೈ ಬೆರಳಿನಿಂದ ಮೆಲ್ಲಗೆ ಎಳೆಯಿರಿ. ಹರಿಯದೆ, ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ ಹಿಗ್ಗಿದರೆ ಹದ ಬಂತು. ಕೈಗೆ ಹತ್ತುತ್ತದೆಂದು ಹಿಟ್ಟು ಉದುರಿಸುತ್ತ ಹೋಗಬೇಡಿ, ನಾದುತ್ತ ಹೋಗಿ.

ಹಿಟ್ಟು ಎರಡು ಪಟ್ಟು ಆಗುವವರೆಗೆ ಬಿಡಿ. ಬೆರಳಿನಿಂದ ಒತ್ತಿದ ಗುಳಿ ಥಟ್ಟನೆ ಮುಚ್ಚಿಕೊಂಡರೆ ಇನ್ನೂ ಹೊತ್ತು ಬೇಕು. ನಿಧಾನವಾಗಿ ಅರ್ಧಕ್ಕೆ ಏರಿದರೆ ಸಿದ್ಧವಾಗಿದೆ. ಏರದೆ ಹಾಗೇ ಉಳಿದರೆ ಹೊತ್ತು ಮೀರಿದೆ.

ಚಳಿಗೆ ಉಪಾಯವೊಂದಿದೆ. ಹಚ್ಚದ ಓಟಿಜಿಯೊಳಗೆ ಕುದಿನೀರಿನ ಬಟ್ಟಲಿಟ್ಟು, ಅದರ ಪಕ್ಕ ಹಿಟ್ಟಿನ ಬೋಗುಣಿಯನ್ನು ಒದ್ದೆ ಬಟ್ಟೆ ಮುಚ್ಚಿ ಇಟ್ಟು ಬಾಗಿಲು ಹಾಕಿ. ಒಳಗೆ ಬೆಚ್ಚಗಿನ, ತೇವದ ಗೂಡು ಆಗುತ್ತದೆ.

ಹೆಫೆತ್ಸೊಪ್ಫ್: ಹೆರಳು ಹೆಣೆದ ಬ್ರೆಡ್

ಜರ್ಮನ್ ಮಾತಿನಲ್ಲಿ ಹೆಫೆ ಎಂದರೆ ಯೀಸ್ಟ್, ತ್ಸೊಪ್ಫ್ ಎಂದರೆ ಹೆರಳು. ದಕ್ಷಿಣ ಜರ್ಮನಿಯಲ್ಲಿ ಭಾನುವಾರದ ಬೆಳಗಿಗೆ, ಈಸ್ಟರಿಗೆ, ಹೊಸ ವರ್ಷಕ್ಕೆ ಇದನ್ನು ಮಾಡುತ್ತಾರೆ. ಮೊದಲ ಸಲ ಬ್ರೆಡ್ ಮಾಡುವವರು ಇಲ್ಲಿಂದಲೇ ಶುರು ಮಾಡಿ.

ಬೇಕಾಗುವುದು: ಮೈದಾ 500 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ, ಹಾಲು 250 ಮಿಲಿ, ಗಟ್ಟಿ ಮೊಸರು 2 ದೊಡ್ಡ ಚಮಚ, ಸಕ್ಕರೆ 80 ಗ್ರಾಂ, ಮೆತ್ತಗಾದ ಬೆಣ್ಣೆ 80 ಗ್ರಾಂ, ಉಪ್ಪು 1 ಸಣ್ಣ ಚಮಚ, ಒಂದು ಲಿಂಬಿಯ ಸಿಪ್ಪೆ ತುರಿ. ಮೇಲೆ ಹಚ್ಚಲು ಹಾಲಿನ ಕೆನೆ 2 ಚಮಚ, ಹೆಚ್ಚಿದ ಬಾದಾಮಿ, ಸಣ್ಣಗೆ ಕುಟ್ಟಿದ ಕಲ್ಲುಸಕ್ಕರೆ. ಜರ್ಮನಿಯಲ್ಲಿ ಇದರ ಮೇಲೆ ಉದುರಿಸುವ ಹರಳುಸಕ್ಕರೆ ಒಲೆಯಲ್ಲೂ ಕರಗದೆ ನಿಲ್ಲುತ್ತದೆ. ನಮ್ಮ ಕಲ್ಲುಸಕ್ಕರೆ ಆ ಕೆಲಸ ಮಾಡುತ್ತದೆ.

ಮಾಡುವ ಬಗೆ: ಮೈದಾಕ್ಕೆ ಯೀಸ್ಟ್, ಸಕ್ಕರೆ, ಲಿಂಬಿ ತುರಿ ಬೆರೆಸಿ. ಬೆಚ್ಚಗಿನ ಹಾಲು, ಮೊಸರು ಹಾಕಿ ಕಲಸಿ, ಹತ್ತು ನಿಮಿಷ ಮುಚ್ಚಿಡಿ. ಆಮೇಲೆ ಉಪ್ಪು ಹಾಕಿ ಏಳೆಂಟು ನಿಮಿಷ ನಾದಿ. ಬೆಣ್ಣೆಯನ್ನು ಮೂರು ಕಂತಿನಲ್ಲಿ ಸೇರಿಸುತ್ತ ಮತ್ತೆ ಏಳೆಂಟು ನಿಮಿಷ ನಾದಿ. ಮುಚ್ಚಿಟ್ಟು ಎರಡು ಪಟ್ಟಾಗಲು ಬಿಡಿ. ಬೆಚ್ಚಗಿನ ಗೂಡಿನಲ್ಲಿ ಒಂದೂಕಾಲು ತಾಸು, ಹೊರಗಿನ ಚಳಿಯಲ್ಲಿ ಎರಡು–ಎರಡೂವರೆ ತಾಸು ಹಿಡಿಯುತ್ತದೆ.

ಉಬ್ಬಿದ ಹಿಟ್ಟನ್ನು ಮೆಲ್ಲಗೆ ಒತ್ತಿ ಗಾಳಿ ಬಿಡಿಸಿ, ತೂಗಿ ಮೂರು ಸಮಪಾಲು ಮಾಡಿ. ಪ್ರತಿ ಪಾಲನ್ನೂ 40 ಸೆಂಟಿಮೀಟರ್ ಉದ್ದಕ್ಕೆ, ನಡುವೆ ತುಸು ದಪ್ಪವಾಗಿ, ತುದಿಗೆ ತೆಳ್ಳಗಾಗುವಂತೆ ಹೊಸೆಯಿರಿ. ಎಳೆದರೆ ಹಿಟ್ಟು ಹಿಂದಕ್ಕೆ ಹೋಗುತ್ತಿದ್ದರೆ ಐದು ನಿಮಿಷ ಬಿಟ್ಟು ಮತ್ತೆ ಹೊಸೆಯಿರಿ. ತಲೆಯ ಹೆರಳಿನ ಹಾಗೆಯೇ ಹೆಣೆಯಿರಿ, ಆದರೆ ಬಿಗಿ ಬೇಡ. ಉಬ್ಬುವಾಗ ಎಡೆ ಬೇಕು, ಬಿಗಿದರೆ ಒಲೆಯಲ್ಲಿ ಬಿರುಕು ಬಿಡುತ್ತದೆ. ತುದಿಗಳನ್ನು ಕೆಳಗೆ ಮಡಿಸಿ, ಬಟರ್ ಪೇಪರ್ ಹಾಸಿದ ತಟ್ಟೆಯ ಮೇಲೆ 40 ನಿಮಿಷ ಬಿಡಿ.

ಕೆನೆ ಸವರಿ, ಬಾದಾಮಿ, ಕಲ್ಲುಸಕ್ಕರೆ ಉದುರಿಸಿ, ಮೊದಲೇ ಕಾಯಿಸಿದ ಓಟಿಜಿಯಲ್ಲಿ 180 ಡಿಗ್ರಿಗೆ 28ರಿಂದ 32 ನಿಮಿಷ ಬೇಯಿಸಿ. ಮನೆಯ ಓಟಿಜಿಯಲ್ಲಿ ಮೇಲಿನ ಕಂಬಿ ಬ್ರೆಡ್ಡಿಗೆ ತೀರ ಹತ್ತಿರ ಇರುತ್ತದೆ. ಕೆಳಗಿನ ಅಂತಸ್ತಿನಲ್ಲಿಡಿ, ಬಣ್ಣ ಬಂದ ಕೂಡಲೇ ಫಾಯಿಲ್ ಮುಚ್ಚಿ. ತಿರುವಿ ತಳ ಬಡಿದರೆ ಟೊಳ್ಳು ಸದ್ದು ಬರಬೇಕು.

ಇದು ಮಾಡಿದ ದಿನವೇ ಚೆನ್ನ. ಬೆಣ್ಣೆಯ ಜೊತೆ ನವಲೂರಿನ ಪೇರಲಹಣ್ಣಿನ ಜಾಮ್ ಹಚ್ಚಿ ನೋಡಿ. ಚಳಿಗಾಲದ ಪೇರಲದ ಹುಳಿ ಈ ಮೆದು ಸಿಹಿಗೆ ಚೆನ್ನಾಗಿ ಹೊಂದುತ್ತದೆ. ಮರುದಿನ ಉಳಿದರೆ ಹೋಳು ಮಾಡಿ ಹಂಚಿನ ಮೇಲೆ ತುಪ್ಪ ಹಾಕಿ ಕಾಯಿಸಿ.

ಶ್ಟೊಲೆನ್: ಬೆಣ್ಣೆಗಾಗಿ ಪತ್ರ ಬರೆದ ಬ್ರೆಡ್

ಡ್ರೆಸ್ಡೆನ್ ಊರಿನ ಆಸ್ಪತ್ರೆಯೊಂದರ 1474ರ ಲೆಕ್ಕಪತ್ರದಲ್ಲಿ ಶ್ಟೊಲೆನ್ನಿನ ಹೆಸರು ಬರುತ್ತದೆ. ಅಂದಿನದು ಸಪ್ಪೆ ಬ್ರೆಡ್. ಕ್ರಿಸ್‌ಮಸ್ಸಿನ ಹಿಂದಿನ ವಾರಗಳು ಉಪವಾಸದವು, ಬೆಣ್ಣೆ–ಹಾಲು ನಿಷಿದ್ಧ. ಎಣ್ಣೆಯಲ್ಲೇ ಹಿಟ್ಟು ಕಲಸುತ್ತಿದ್ದರು. ಬೆಣ್ಣೆ ಬಳಸಲು ಅಪ್ಪಣೆ ಬೇಕೆಂದು ಸ್ಯಾಕ್ಸನಿಯ ಅರಸರು ಪೋಪರಿಗೆ ಬರೆದುಕೊಂಡರು. 1491ರಲ್ಲಿ ಎಂಟನೆಯ ಇನ್ನೊಸೆಂಟ್ ಪೋಪರು ಅಪ್ಪಣೆ ಕೊಟ್ಟರು. ಆ ಕಾಗದಕ್ಕೆ 'ಬೆಣ್ಣೆ ಪತ್ರ' ಎಂದೇ ಹೆಸರಾಯಿತು. ಹಾಲಿನಂತೆ ಬೆಳ್ಳಗೆ ಸಕ್ಕರೆ ಹೊದ್ದ ಇದರ ಆಕಾರದಲ್ಲಿ ಬಟ್ಟೆ ಸುತ್ತಿದ ಬಾಲ ಯೇಸುವನ್ನು ಕಾಣುತ್ತಾರೆ.

ಡ್ರೆಸ್ಡೆನ್ನಿನ ಬೇಕರಿಯವರಿಗೆ ಕಟ್ಟಳೆಯಿದೆ: 100 ಪಾಲು ಹಿಟ್ಟಿಗೆ ಬೆಣ್ಣೆ 50, ದ್ರಾಕ್ಷಿ 65, ಸಿಪ್ಪೆಯ ಮುರಬ್ಬ 20, ಬಾದಾಮಿ 15 ಪಾಲಿಗಿಂತ ಕಡಿಮೆ ಇರಬಾರದು. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಅಷ್ಟು ಬೆಣ್ಣೆಯ ಹಿಟ್ಟು ಹಿಡಿತಕ್ಕೆ ಸಿಗುವುದು ಕಷ್ಟ. ಇಲ್ಲಿ ಬೆಣ್ಣೆ, ದ್ರಾಕ್ಷಿ ತುಸು ಇಳಿಸಿದ್ದೇನೆ.

ಬೇಕಾಗುವುದು (ಎರಡು ಬ್ರೆಡ್ಡಿಗೆ): ಮೈದಾ 500 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 10 ಗ್ರಾಂ, ಹಾಲು 150 ಮಿಲಿ, ಸಕ್ಕರೆ 75 ಗ್ರಾಂ, ಬೆಣ್ಣೆ 200 ಗ್ರಾಂ, ಉಪ್ಪು ಮುಕ್ಕಾಲು ಸಣ್ಣ ಚಮಚ, ಒಣದ್ರಾಕ್ಷಿ 300 ಗ್ರಾಂ, ಕಿತ್ತಳೆ–ಮಾದಲ ಸಿಪ್ಪೆಯ ಮುರಬ್ಬ 100 ಗ್ರಾಂ, ಸಿಪ್ಪೆ ಸುಲಿದು ಹೆಚ್ಚಿದ ಬಾದಾಮಿ 100 ಗ್ರಾಂ, ಲಿಂಬಿ ತುರಿ, ಏಲಕ್ಕಿ ಅರ್ಧ ಚಮಚ, ಜಾಯಿಕಾಯಿ ಒಂದು ಚಿಟಿಕೆ. ಹೊದಿಕೆಗೆ ತುಪ್ಪ 75 ಗ್ರಾಂ, ಪುಡಿಸಕ್ಕರೆ 100 ಗ್ರಾಂ.

ಹಿಂದಿನ ರಾತ್ರಿ: ತೊಳೆದ ದ್ರಾಕ್ಷಿ, ಸಿಪ್ಪೆ, ಬಾದಾಮಿಯನ್ನು ಅರ್ಧ ಲೋಟ ಕಿತ್ತಳೆ ರಸದಲ್ಲಿ ನೆನೆಸಿ. ಜರ್ಮನಿಯಲ್ಲಿ ರಮ್ ಹಾಕುತ್ತಾರೆ, ರಸದಲ್ಲೂ ರುಚಿ ಕಡಿಮೆಯಾಗುವುದಿಲ್ಲ. ಒಣದ್ರಾಕ್ಷಿ ನೆನೆಯದಿದ್ದರೆ ಹಿಟ್ಟಿನ ತೇವ ಹೀರಿಕೊಂಡು ಬ್ರೆಡ್ಡನ್ನು ಒಣಗಿಸುತ್ತದೆ. ಬೆಳಗ್ಗೆ ಬಸಿದು ಬಟ್ಟೆಯಲ್ಲಿ ಒತ್ತಿ ತೇವ ತೆಗೆಯಿರಿ.

ಮಾಡುವ ಬಗೆ: ಬೆಣ್ಣೆ, ಹಣ್ಣು ಹೆಚ್ಚಿರುವ ಹಿಟ್ಟನ್ನು ಎತ್ತುವುದು ಯೀಸ್ಟಿಗೆ ಭಾರ. ಅದಕ್ಕೆ ಮೊದಲು ಬಲ ತುಂಬಬೇಕು. 150 ಗ್ರಾಂ ಮೈದಾ, ಬೆಚ್ಚಗಿನ ಹಾಲು, ಯೀಸ್ಟ್, ಒಂದು ಚಮಚ ಸಕ್ಕರೆಯನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ 40 ನಿಮಿಷ ಬಿಡಿ. ಅದು ಗುಳ್ಳೆಯೆದ್ದು ಉಬ್ಬಿದಾಗ ಉಳಿದ ಮೈದಾ, ಸಕ್ಕರೆ, ಉಪ್ಪು, ಮಸಾಲೆ ಸೇರಿಸಿ ಕಲಸಿ. ಹಿಟ್ಟು ಕೂಡಿಕೊಂಡ ಮೇಲೆ ಬೆಣ್ಣೆ ಸೇರಿಸುತ್ತ ಹತ್ತು ನಿಮಿಷ ನಾದಿ. ಒಣ ಎನಿಸಿದರೆ ಒಂದೆರಡು ಚಮಚ ಹಾಲು ಹಾಕಿ. ಒಂದೂವರೆ ತಾಸು ಬಿಡಿ. ಇದು ಹೆಫೆತ್ಸೊಪ್ಫಿನಷ್ಟು ಉಬ್ಬುವುದಿಲ್ಲ, ಒಂದೂವರೆ ಪಟ್ಟಾದರೆ ಸಾಕು.

ಈಗ ಹಿಟ್ಟನ್ನು ಅಗಲಿಸಿ ಹಣ್ಣುಗಳನ್ನು ಹರವಿ, ಮಡಿಸಿ ಮಡಿಸಿ ಬೆರೆಸಿ. ಒತ್ತಿ ನಾದಿದರೆ ದ್ರಾಕ್ಷಿ ಒಡೆದು ಹಿಟ್ಟು ಕಪ್ಪಾಗುತ್ತದೆ. ಎರಡು ಭಾಗ ಮಾಡಿ, ಪ್ರತಿಯೊಂದನ್ನೂ ಮೊಳಕೈಗಿಂತ ಗಿಡ್ಡನೆಯ ಉದ್ದುಂಡೆ ಮಾಡಿ. ಲಟ್ಟಣಿಗೆಯನ್ನು ಉದ್ದಕ್ಕೆ ನಡುವೆ ಒತ್ತಿ ತಗ್ಗು ಮಾಡಿ, ಒಂದು ಬದಿಯನ್ನು ಇನ್ನೊಂದರ ಮೇಲೆ, ಅಂಚು ತುಸು ಹಿಂದೆ ನಿಲ್ಲುವಂತೆ ಮಡಿಸಿ. ಹೊರಗೆ ಇಣುಕುವ ದ್ರಾಕ್ಷಿಗಳನ್ನು ಕಿತ್ತು ಒಳಗೆ ಸೇರಿಸಿ, ಅವು ಸುಟ್ಟು ಕಹಿಯಾಗುತ್ತವೆ. 45 ನಿಮಿಷ ಬಿಟ್ಟು, 175 ಡಿಗ್ರಿಯಲ್ಲಿ 40ರಿಂದ 45 ನಿಮಿಷ ಬೇಯಿಸಿ. ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಹತ್ತಬಾರದು.

ಒಲೆಯಿಂದ ತೆಗೆದ ಕೂಡಲೇ ಬಿಸಿಯಿರುವಾಗಲೇ ಕರಗಿದ ತುಪ್ಪವನ್ನು ಮೇಲೆ, ಕೆಳಗೆ, ಬದಿಗೆ ಎರಡು ಸಲ ಸವರಿ. ಬೆಣ್ಣೆಯಲ್ಲಿ ನೀರಿನಂಶವಿದೆ, ತುಪ್ಪದಲ್ಲಿಲ್ಲ. ಹಾಗಾಗಿ ತುಪ್ಪದ ಹೊದಿಕೆ ಬ್ರೆಡ್ಡಿನ ತೇವವನ್ನು ಒಳಗೇ ಹಿಡಿದು, ಬೂಜು ಹತ್ತದಂತೆ ಕಾಯುತ್ತದೆ. ಅರ್ಧ ಪುಡಿಸಕ್ಕರೆಯನ್ನು ಆಗಲೇ, ಉಳಿದರ್ಧವನ್ನು ಪೂರ್ತಿ ಆರಿದ ಮೇಲೆ ದಪ್ಪಗೆ ಜರಡಿಯಾಡಿಸಿ.

ಬಟರ್ ಪೇಪರ್, ಅದರ ಮೇಲೆ ಫಾಯಿಲ್ ಸುತ್ತಿ ಡಬ್ಬಿಯಲ್ಲಿ, ಮನೆಯ ತಂಪಾದ ಮೂಲೆಯಲ್ಲಿಡಿ. ಒಂದು ವಾರ ಮುಟ್ಟಬೇಡಿ. ಆ ವಾರದಲ್ಲಿ ಹಣ್ಣಿನ ರಸ, ಸಿಪ್ಪೆಯ ಘಮ, ತುಪ್ಪ ಎಲ್ಲವೂ ಹಿಟ್ಟಿನೊಳಗೆ ಇಳಿಯುತ್ತವೆ. ಡಿಸೆಂಬರಿನ ನಮ್ಮ ಹವೆಯಲ್ಲಿ ಎರಡು ವಾರ ಚೆನ್ನಾಗಿರುತ್ತದೆ. ಅದಕ್ಕೂ ಮೇಲೆ ಇಡುವುದಾದರೆ ಫ್ರಿಜ್ಜಿಗೆ ಸೇರಿಸಿ, ತಿನ್ನುವ ಎರಡು ತಾಸು ಮುಂಚೆ ಹೊರಗಿಡಿ. ನಡುವಿನಿಂದ ಹೋಳು ತೆಗೆದು, ಎರಡು ತುಂಡನ್ನು ಮತ್ತೆ ಜೋಡಿಸಿ ಸುತ್ತಿಟ್ಟರೆ ಕೊಯ್ದ ಬದಿ ಒಣಗುವುದಿಲ್ಲ.

ಹೊತ್ತಿಲ್ಲದವರಿಗೆ ಚಕ್ಕಾ ಶ್ಟೊಲೆನ್

ಯೀಸ್ಟಿಲ್ಲದ ಶ್ಟೊಲೆನ್ ಕೂಡ ಜರ್ಮನಿಯ ಮನೆಗಳಲ್ಲಿ ಉಂಟು. ಅದಕ್ಕೆ 'ಕ್ವಾರ್ಕ್' ಎಂಬ ಮೆತ್ತನೆಯ ಹಸಿ ಗಿಣ್ಣು ಬೇಕು. ಶ್ರೀಖಂಡಕ್ಕೆಂದು ನಾವು ಬಟ್ಟೆಯಲ್ಲಿ ಕಟ್ಟಿ ತೂಗುಹಾಕುವ ಚಕ್ಕಾ ಅದರ ಜಾಗದಲ್ಲಿ ಚೆನ್ನಾಗಿ ಕೂರುತ್ತದೆ. ಹುಳಿಯಾಗದ ಮೊಸರಿನ ಚಕ್ಕಾ 250 ಗ್ರಾಂ, ಸಕ್ಕರೆ 150 ಗ್ರಾಂ, ಬೆಣ್ಣೆ 175 ಗ್ರಾಂ ನೊರೆ ಬರುವಂತೆ ಕಲಸಿ. 500 ಗ್ರಾಂ ಮೈದಾಕ್ಕೆ ಮೂರು ಸಣ್ಣ ಚಮಚ ಬೇಕಿಂಗ್ ಪೌಡರ್ ಬೆರೆಸಿ ಇದಕ್ಕೆ ಸೇರಿಸಿ. ಹಿಟ್ಟು ಕೂಡಿಕೊಳ್ಳಲು ಬೇಕಾದಷ್ಟೇ ಹಾಲು ಹಾಕಿ. 200 ಗ್ರಾಂ ದ್ರಾಕ್ಷಿ, 100 ಗ್ರಾಂ ಬಾದಾಮಿ ಸೇರಿಸಿ, ನಾದದೆ ಕೂಡಿಸಿ ಅದೇ ಆಕಾರಕ್ಕೆ ಮಡಿಸಿ. 170 ಡಿಗ್ರಿಯಲ್ಲಿ 55ರಿಂದ 60 ನಿಮಿಷ ಬೇಯಿಸಿ ತುಪ್ಪ, ಸಕ್ಕರೆ ಹೊದಿಸಿ. ನಾಲ್ಕೈದು ದಿನದಲ್ಲಿ ತಿಂದು ಮುಗಿಸಿ.

ಹುಟ್ಸೆಲ್‌ಬ್ರೋಟ್: ಕರದಂಟು ಬಲ್ಲವರಿಗೆ

ಹುಟ್ಸೆಲ್ ಎಂದರೆ ಒಣಗಿಸಿದ ಪೇರ್ ಹಣ್ಣು. ಬೇಸಿಗೆಯ ಹಣ್ಣನ್ನು ಒಣಗಿಸಿಟ್ಟು, ಹಿಮಗಾಲದಲ್ಲಿ ಸ್ವಲ್ಪವೇ ಹಿಟ್ಟಿನಿಂದ ಬಂಧಿಸಿ ಸುಡುವ ಬ್ರೆಡ್ ಇದು. ಗೋಕಾಕ, ಅಮೀನಗಡದ ಕರದಂಟಿನಲ್ಲಿ ಒಣಹಣ್ಣುಗಳನ್ನು ಬೆಲ್ಲ, ಅಂಟು ಹಿಡಿದಿಡುತ್ತವೆ. ಇಲ್ಲಿ ಆ ಕೆಲಸವನ್ನು ಹಿಟ್ಟು ಮಾಡುತ್ತದೆ. ಹಾಲು, ಬೆಣ್ಣೆ ಯಾವುದೂ ಇಲ್ಲ.

ಬೇಕಾಗುವುದು: ಅಂಜೂರ 150 ಗ್ರಾಂ, ಉತ್ತತ್ತಿ 150 ಗ್ರಾಂ, ಮನೂಕ 100 ಗ್ರಾಂ, ಅಕ್ರೋಟ–ಬಾದಾಮಿ 100 ಗ್ರಾಂ, ಮೈದಾ 200 ಗ್ರಾಂ, ಸದಕ ಗೋಧಿ ಹಿಟ್ಟು 100 ಗ್ರಾಂ, ಯೀಸ್ಟ್ 7 ಗ್ರಾಂ, ಪುಡಿ ಮಾಡಿದ ಬೆಲ್ಲ 50 ಗ್ರಾಂ, ಉಪ್ಪು ಅರ್ಧ ಸಣ್ಣ ಚಮಚ, ದಾಲ್ಚಿನ್ನಿ ಪುಡಿ 1 ಚಮಚ, ಬಡೆಸೋಪು 1 ಚಮಚ, ಎರಡು ಲವಂಗದ ಪುಡಿ.

ಮಾಡುವ ಬಗೆ: ಅಂಜೂರ, ಬೀಜ ತೆಗೆದ ಉತ್ತತ್ತಿಯನ್ನು ಒಂದೂವರೆ ಲೋಟ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಗ್ಗೆ ಬಸಿದು ಹೆಚ್ಚಿ. ನೀರು ಚೆಲ್ಲಬೇಡಿ, ಅದರಲ್ಲೇ ಸಿಹಿಯಿದೆ. ಆ ನೀರಿನ 170 ಮಿಲಿಯನ್ನು ಬೆಚ್ಚಗೆ ಮಾಡಿ ಬೆಲ್ಲ ಕರಗಿಸಿ ಸೋಸಿ. ಅದರಲ್ಲಿ ಹಿಟ್ಟು, ಯೀಸ್ಟ್, ಉಪ್ಪು, ಮಸಾಲೆ ಕಲಸಿ ಹತ್ತು ನಿಮಿಷ ನಾದಿ. ಎರಡು ಪಟ್ಟಾದ ಮೇಲೆ ಹಣ್ಣು, ಬೀಜಗಳನ್ನು ಸೇರಿಸಿ. ಹಿಟ್ಟಿಗಿಂತ ಹಣ್ಣೇ ಹೆಚ್ಚು ಅನ್ನಿಸುತ್ತದೆ, ಹಾಗೇ ಇರಬೇಕು. ಕೈಗೆ ನೀರು ಹಚ್ಚಿಕೊಂಡು ಎರಡು ಉದ್ದುಂಡೆ ಮಾಡಿ 45 ನಿಮಿಷ ಬಿಡಿ. 175 ಡಿಗ್ರಿಯಲ್ಲಿ 45ರಿಂದ 50 ನಿಮಿಷ ಬೇಯಿಸಿ. ಉಳಿದ ಹಣ್ಣಿನ ನೀರನ್ನು ಪಾಕದಂತೆ ಕುದಿಸಿ ಬಿಸಿ ಬ್ರೆಡ್ಡಿನ ಮೇಲೆ ಸವರಿದರೆ ಹೊಳಪು ಬರುತ್ತದೆ. ಮೂರು ದಿನ ಬಿಟ್ಟು ತೆಳ್ಳಗೆ ಕೊಯ್ದು ಬೆಣ್ಣೆ ಹಚ್ಚಿ ತಿನ್ನಿ.

ಹಬ್ಬದ ಲೆಕ್ಕಾಚಾರ

ಡಿಸೆಂಬರ್ ಮೊದಲ ವಾರ: ಸಿಪ್ಪೆಯ ಮುರಬ್ಬ ಮಾಡಿಡಿ, ಯೀಸ್ಟ್ ಪರೀಕ್ಷಿಸಿ.
10ರಿಂದ 14: ಶ್ಟೊಲೆನ್ ಮಾಡಿ ಸುತ್ತಿಡಿ.
18ರಿಂದ 20: ಹುಟ್ಸೆಲ್‌ಬ್ರೋಟ್.
24ರ ರಾತ್ರಿ: ಯೀಸ್ಟನ್ನು 4 ಗ್ರಾಮಿಗೆ ಇಳಿಸಿ ಹೆಫೆತ್ಸೊಪ್ಫಿನ ಹಿಟ್ಟು ನಾದಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. 8ರಿಂದ 12 ತಾಸು ತಂಪಿನಲ್ಲಿ ನಿಧಾನವಾಗಿ ಉಬ್ಬಿದ ಹಿಟ್ಟಿಗೆ ರುಚಿ ಹೆಚ್ಚು. ಬೆಳಗ್ಗೆ ಹೊರತೆಗೆದು ಅರ್ಧ ತಾಸು ಬಿಟ್ಟು ಹೆಣೆಯಿರಿ. ತಣ್ಣನೆಯ ಹಿಟ್ಟು ಎರಡನೆಯ ಸಲ ಉಬ್ಬಲು ಒಂದು ತಾಸಾದರೂ ಬೇಕು.

ಓಟಿಜಿ ಇಲ್ಲದವರು ಹತ್ತಿರದ ಬೇಕರಿಯಲ್ಲಿ ವಿಚಾರಿಸಿ. ಮನೆಯಿಂದ ಸಾಮಾನು ಒಯ್ದು ನಾನಕಟಾಯಿ ಮಾಡಿಸಿಕೊಂಡು ಬರುವ ರೂಢಿ ನಮ್ಮ ಕಡೆ ಇದ್ದೇ ಇದೆ. ದಿನದ ಬ್ರೆಡ್ ತೆಗೆದ ಮೇಲೆ ಭಟ್ಟಿಯ ಕಾವು ಇಳಿದಿರುತ್ತದೆ, ಶ್ಟೊಲೆನ್ನಿಗೆ ಆ ಕಾವೇ ಸರಿ.

ಕೆಟ್ಟರೆ ಕಾರಣ ಹೀಗೆ ಹುಡುಕಿ. ಒಳಗೆ ಹಸಿ, ಹೊರಗೆ ಕಪ್ಪು ಆಗಿದ್ದರೆ ಕಾವು ಹೆಚ್ಚಾಗಿದೆ. 15 ಡಿಗ್ರಿ ಇಳಿಸಿ, ಹೊತ್ತು ಹೆಚ್ಚಿಸಿ. ಹೆರಳಿನ ಎಳೆಗಳು ಒಂದಾಗಿ ಕಲಸಿಹೋದರೆ ಎರಡನೆಯ ಸಲ ಅತಿಯಾಗಿ ಉಬ್ಬಿದೆ. ಪುಡಿಪುಡಿಯಾದರೆ ನಾದಿದ್ದು ಸಾಲದು. ಹುಳಿ ವಾಸನೆ ಬಂದರೆ ಬೆಚ್ಚಗಿನ ಜಾಗದಲ್ಲಿ ಹೆಚ್ಚು ಹೊತ್ತು ಬಿಟ್ಟಿದ್ದೀರಿ.

ಕಳೆದ ಸಲ ಕ್ರಿಸ್‌ಮಸ್ ದಿನ ಶ್ಟೊಲೆನ್ನಿನ ನಾಲ್ಕು ಹೋಳು ಕಾಕು ಮನೆಗೆ ಕೊಟ್ಟು ಬಂದೆ. ದೀಪಾವಳಿಗೆ ಅವರ ಮನೆಯ ಹೋಳಿಗೆ ನಮಗೆ ಬಂದ ಅದೇ ತಟ್ಟೆಯಲ್ಲಿ. ಸಂಜೆ ನಮ್ಮ ಮನೆಗೆ ಬಂದ ಅವರು ಹಣ್ಣು, ತುಪ್ಪ, ಸಿಪ್ಪೆಯ ಘಮ ಎಲ್ಲ ಹೊಗಳಿದರು. ಆಮೇಲೆ ಚಕ್ಕಾ ಹಾಕಿ ಮಾಡುವ ಇನ್ನೊಂದು ಬಗೆಯ ಮಾತು ಬಂತು. ನನ್ನ ಚಕ್ಕಾ ಯಾವಾಗಲೂ ತುಸು ನೀರು ನೀರು ಎಂಬುದು ಅವರಿಗೆ ಗೊತ್ತು. "ಮುಂದಿನ ಸಲ ಚಕ್ಕಾ ನಾನ ಕಟ್ಟಿ ಕೊಡ್ತೇನಿ, ನೀ ಹಿಟ್ಟ ನಾದು" ಅಂದರು. ಈ ಡಿಸೆಂಬರಿಗೆ ನಮ್ಮ ಮನೆಯ ಶ್ಟೊಲೆನ್ ಹಾಗೇ ಆಗಲಿದೆ, ಎರಡು ಅಡುಗೆಮನೆಯದು.